ಸಾಂತಾ ವೇಷ ಹಾಕಿ ಓಡುವುದು ಎಂತಕ್ಕೆ? ಓಡುವವರೂ ಅಂಗಡಿಯವರೂ ತಿಳಿದಿರಬೇಕಾದ ಸಂಗತಿಗಳು

ಡಿಸೆಂಬರ್ ಬಂತೆಂದರೆ ಓಟದ ಬಳಗಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಈ ಸಲ ಯಾವ ವೇಷ? ವರ್ಷವಿಡೀ ವಾಚು ನೋಡಿಕೊಂಡು ಓಡುವವರು ಹಬ್ಬದ ಒಂದು ಬೆಳಿಗ್ಗೆ ವಾಚು ಮರೆತು ಸಾಂತಾಕ್ಲಾಸ್, ಹುಲಿ, ತರಕಾರಿ ಮಾರುವವಳು ಹೀಗೆ ಬಗೆಬಗೆಯ ವೇಷದಲ್ಲಿ ಬೀದಿಗಿಳಿಯುತ್ತಾರೆ. ನೋಡುವವರಿಗೆ ತಮಾಷೆ. ಆದರೆ ಪೇಟೆಯ ರಸ್ತೆಯಲ್ಲಿ ನೂರು ಜನ ವೇಷ ಹಾಕಿ ಓಡುವುದೆಂದರೆ ಸೆಖೆ, ವಾಹನ, ವ್ಯಾಪಾರ, ದೇಣಿಗೆಯ ದುಡ್ಡು ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತದೆ.

ಏನಿದು ವೇಷದ ಓಟ?

ಇದು ಸ್ಪರ್ಧೆಯಲ್ಲ. ದೂರ ಸಾಮಾನ್ಯವಾಗಿ ಮೂರರಿಂದ ಐದು ಕಿಲೋಮೀಟರ್. ಎಲ್ಲರಿಗಿಂತ ನಿಧಾನ ಇರುವವರ ಜೊತೆಗೇ ಗುಂಪು ಸಾಗುತ್ತದೆ. ಸುಸ್ತಾದವರು ನಡೆದರೂ ಆಯಿತು. ಬಹುಮಾನ ಇದ್ದರೆ ಅದು ಮೊದಲು ಮುಟ್ಟಿದವರಿಗಲ್ಲ, ಒಳ್ಳೆಯ ವೇಷಕ್ಕೆ. ‘ನಮ್ಮಿಂದ ಓಡ್ಲಿಕ್ಕೆ ಆಗುದಿಲ್ಲ’ ಎನ್ನುವ ಅಜ್ಜಂದಿರು, ಗೃಹಿಣಿಯರು, ಶಾಲೆಯ ಮಕ್ಕಳು ಬಳಗದ ಜೊತೆ ಮೊದಲ ಸಲ ಹೆಜ್ಜೆ ಹಾಕುವುದು ಇಂಥ ದಿನವೇ. ವೇಷ ಹಾಕಿದ ಮೇಲೆ ಯಾರು ವೇಗ, ಯಾರು ನಿಧಾನ ಎಂದು ಯಾರೂ ಕೇಳುವುದಿಲ್ಲ.

ಎಲ್ಲಿಂದ ಬಂತು?

ಓಟಕ್ಕೆ ವೇಷ ಹಾಕುವ ರೂಢಿಗೆ ಹೆಸರಾದದ್ದು 1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್. ಅಲ್ಲಿ ವೇಷಕ್ಕೂ ದೇಣಿಗೆಗೂ ನೇರ ನಂಟು. ಘೇಂಡಾಮೃಗಗಳ ಉಳಿವಿಗಾಗಿ ಹಣ ಕೂಡಿಸುವವರು 1990ರ ದಶಕದಿಂದಲೂ ಘೇಂಡಾಮೃಗದ ದೊಡ್ಡ ವೇಷ ಹೊತ್ತು 42 ಕಿಲೋಮೀಟರ್ ಓಡುತ್ತಾ ಬಂದಿದ್ದಾರೆ. 2002ರಲ್ಲಿ ಲಾಯ್ಡ್ ಸ್ಕಾಟ್ ಎಂಬವರು ಸಮುದ್ರಕ್ಕೆ ಮುಳುಗುವವರ ಹಳೇ ಕಾಲದ ಉಡುಪು ತೊಟ್ಟು ಮ್ಯಾರಥಾನ್ ಮುಗಿಸಿದರು. ಉಡುಪಿನ ತೂಕವೇ ಸುಮಾರು 59 ಕಿಲೋ. ಗುರಿ ಮುಟ್ಟಲು ಹಿಡಿದದ್ದು ಐದು ದಿನಕ್ಕೂ ಹೆಚ್ಚು. ಅವರು ಸ್ವತಃ ರಕ್ತದ ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರು. ಆ ಕಾಯಿಲೆಯ ಮಕ್ಕಳಿಗಾಗಿ ಹಣ ಕೂಡಿಸುವುದು ಅವರ ಉದ್ದೇಶವಾಗಿತ್ತು.

ಕ್ರಿಸ್ಮಸ್ ಹೊತ್ತಿನ ಸಾಂತಾ ಓಟಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ್ದು ಹೆಸರುವಾಸಿ. ಅಲ್ಲಿ ಕೆಂಪು ಸಾಂತಾಗಳ ನಡುವೆ ನೀಲಿ ಸಾಂತಾಗಳೂ ಓಡುತ್ತಾರೆ, ಏಕೆಂದರೆ ಊರಿನ ಎರಡು ಫುಟ್ಬಾಲ್ ತಂಡಗಳಲ್ಲಿ ಒಂದರ ಬಣ್ಣ ಕೆಂಪು, ಇನ್ನೊಂದರದ್ದು ನೀಲಿ. ನಮಗೆ ಹತ್ತಿರದ ಉದಾಹರಣೆ ಕೇರಳದ ತ್ರಿಶೂರ್. 2014ರ ಡಿಸೆಂಬರ್‌ನಲ್ಲಿ ಅಲ್ಲಿ 18,112 ಜನ ಸಾಂತಾ ವೇಷದಲ್ಲಿ ಒಟ್ಟು ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಓಟದ ಜೊತೆಗೆ ‘ಮಜಾ ರನ್’ ನಡೆಯುತ್ತದೆ. ಅಲ್ಲಿಯೂ ವೇಷ ಹಾಕಿ, ಫಲಕ ಹಿಡಿದು ಬರುವವರೇ ಆಕರ್ಷಣೆ.

ಕರಾವಳಿಗೆ ಹೊಸತೇನಲ್ಲ

ಹಬ್ಬಕ್ಕೆ ವೇಷ ಹಾಕಿ ಬೀದಿಗಿಳಿಯುವುದನ್ನು ಉಡುಪಿ, ಮಂಗಳೂರಿನವರಿಗೆ ಯಾರೂ ಕಲಿಸಬೇಕಿಲ್ಲ. ನವರಾತ್ರಿಗೆ ಪಿಲಿವೇಷ, ಅಷ್ಟಮಿ-ವಿಟ್ಲಪಿಂಡಿಗೆ ನಾನಾ ವೇಷ, ಹರಕೆ ಹೊತ್ತು ಮನೆಮನೆ, ಅಂಗಡಿ ಅಂಗಡಿ ಸುತ್ತುವುದು ಇಲ್ಲಿಯ ವಾಡಿಕೆ. ವೇಷದಿಂದ ಬಂದ ದುಡ್ಡು ಬೇರೆಯವರ ಕಷ್ಟಕ್ಕೆ ಆಗುವುದೂ ಇಲ್ಲಿ ಕಂಡದ್ದೇ. ಕಟ್ಟಡ ಕೆಲಸ ಮಾಡುವ ರವಿ ಕಟಪಾಡಿ ಅವರು ವರ್ಷಗಳಿಂದ ಅಷ್ಟಮಿಗೆ ವೇಷ ಹಾಕಿ, ಕಾಯಿಲೆಬಿದ್ದ ಬಡಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದ್ದು ಜಿಲ್ಲೆಗೆಲ್ಲ ಗೊತ್ತು. ಲಂಡನ್ನಿನ ಘೇಂಡಾಮೃಗ ಮಾಡುವುದೂ ಅದನ್ನೇ.

ಒಂದು ಎಚ್ಚರಿಕೆ ಮಾತ್ರ ಬೇಕು. ಕೋಲದ ಅಣಿ, ಬಣ್ಣ, ಗಗ್ಗರ ಇವು ಆರಾಧನೆಗೆ ಸೇರಿದ್ದು, ಛದ್ಮವೇಷವಲ್ಲ. ‘ಕಾಂತಾರ’ ಸಿನಿಮಾ ಬಂದ ನಂತರ ಕಂಡಕಂಡಲ್ಲಿ ದೈವದ ವೇಷ ಹಾಕಿದವರಿಗೆ ತುಳುನಾಡಿನ ಜನ ಆಕ್ಷೇಪ ಹೇಳಿದ್ದು ನೆನಪಿರಲಿ. ಓಟದ ಬಳಗಗಳು ಅದನ್ನು ಬಿಟ್ಟು ಬೇರೆ ವೇಷ ಆರಿಸಿಕೊಳ್ಳುವುದೇ ಒಳ್ಳೆಯದು.

ದೊಡ್ಡ ಅಪಾಯ ಸೆಖೆ

ಸಾಂತಾ ಉಡುಪು ಹುಟ್ಟಿದ್ದು ಚಳಿಯ ದೇಶಗಳಲ್ಲಿ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಒಂಬತ್ತು ಗಂಟೆ ದಾಟಿದರೆ ಬೆವರು ಸುರಿಯುತ್ತದೆ. ಓಡುವಾಗ ಸ್ನಾಯುಗಳು ಶಾಖ ಹುಟ್ಟಿಸುತ್ತವೆ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ಅದರ ಮೇಲೆ ಪಾಲಿಯೆಸ್ಟರ್ ಕೋಟು, ಹತ್ತಿಯ ಗಡ್ಡ, ಸ್ಪಂಜಿನ ಹೊಟ್ಟೆ ಸೇರಿದರೆ ಶಾಖ ಒಳಗೇ ಉಳಿಯುತ್ತದೆ. ಮೈಗೆಲ್ಲ ಬಣ್ಣ ಬಳಿದುಕೊಂಡವರಿಗೂ ಇದೇ ಕಷ್ಟ.

ಪಾಲಿಸಬೇಕಾದ್ದು ಇಷ್ಟು:

• ಕೆಂಪು ಟೀಶರ್ಟು, ಟೊಪ್ಪಿ ಸಾಕು. ಪೂರ್ತಿ ವೇಷ ಬೇಕೆಂದರೆ ಓಟ ಮುಗಿದ ಮೇಲೆ ಹಾಕಿ ಫೋಟೊ ತೆಗೆಯಬಹುದು.
• ಮುಖವಾಡದಲ್ಲಿ ಅಕ್ಕಪಕ್ಕದ ವಾಹನ ಕಾಣುವುದಿಲ್ಲ. ಮುಖಕ್ಕೆ ಬಣ್ಣ ವಾಸಿ. ಅದನ್ನೂ ಹಿಂದಿನ ದಿನ ಕೈಗೆ ಸ್ವಲ್ಪ ಹಚ್ಚಿ ನೋಡಬೇಕು.
• ಕಾಲಿಗೆ ಸಿಕ್ಕುವ ಲಂಗ, ಪಂಚೆ ಬೇಡ. ವೇಷ ಯಾವುದಾದರೂ ಕಾಲಿಗೆ ಶೂ ಇರಲಿ.
• ತಲೆ ತಿರುಗುವುದು, ವಾಂತಿ, ತೊದಲು ಮಾತು ಕಂಡರೆ ಓಟ ನಿಲ್ಲಿಸಿ. ವೇಷ ಬಿಚ್ಚಿ, ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಅಂಗಡಿಯವರ ಪ್ರಶ್ನೆಗಳು

ವ್ಯಾಪಾರಕ್ಕೆ ತೊಂದರೆ ಆಗುವುದಿಲ್ಲವೇ? ಹೊತ್ತು ನೋಡಿಕೊಂಡರೆ ಆಗುವುದಿಲ್ಲ. ಭಾನುವಾರ ಬೆಳಕು ಹರಿದ ಮೇಲೆ ಏಳಕ್ಕೆ ಹೊರಟರೆ ಎಂಟರೊಳಗೆ ಮುಗಿಯುತ್ತದೆ. ಹೆಚ್ಚಿನ ಅಂಗಡಿಗಳ ಬಾಗಿಲು ತೆರೆಯುವುದು ಆಮೇಲೆ. ಆದರೆ ಹಾಲು, ಹೂವು, ಮೀನು, ಹೋಟೆಲಿನವರು ಅಷ್ಟು ಹೊತ್ತಿಗೇ ಕೆಲಸದಲ್ಲಿರುತ್ತಾರೆ. ಅವರಿಗೆ ಮೂರು ನಾಲ್ಕು ದಿನ ಮೊದಲೇ ದಾರಿ, ಹೊತ್ತು ತಿಳಿಸುವುದು ಬಳಗದವರ ಜವಾಬ್ದಾರಿ.

ಅನುಮತಿ ಬೇಕೇ? ಗುಂಪಾಗಿ ರಸ್ತೆ ಬಳಸುವುದಾದರೆ ಪೊಲೀಸ್ ಠಾಣೆಗೆ ಬರಹದಲ್ಲಿ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಮೈಕು ಹಾಕುವುದಾದರೆ ಅದನ್ನೂ ಅರ್ಜಿಯಲ್ಲಿ ಕಾಣಿಸಬೇಕು. ಹೆದ್ದಾರಿ ದಾಟುವ ದಾರಿ ಆರಿಸದಿರುವುದೇ ಕ್ಷೇಮ.

ಅಂಗಡಿಯವರಿಗೆ ಲಾಭ ಉಂಟೇ? ಉಂಟು. ಬಟ್ಟೆ, ಟೊಪ್ಪಿ, ಬಣ್ಣದ ಕಾಗದ, ದರ್ಜಿ ಕೆಲಸ, ಓಟ ಮುಗಿದ ಮೇಲೆ ತಿಂಡಿ-ಚಾ ಎಲ್ಲ ಪೇಟೆಯಲ್ಲೇ ಆಗಬೇಕು. ಬಳಗಗಳು ಆನ್‌ಲೈನ್‌ನಲ್ಲಿ ತರಿಸುವ ಮೊದಲು ಊರಿನ ಅಂಗಡಿಯಲ್ಲಿ ಕೇಳಿದರೆ ಇದು ಆಗುವ ಮಾತು. ನೀರು, ಮಜ್ಜಿಗೆ ಕೊಡುವ ಅಂಗಡಿಯವರು ಸ್ಟೀಲ್ ಲೋಟ ಇಟ್ಟರೆ ಒಳ್ಳೆಯದು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಕಸ ಹೆಕ್ಕುವ ಕೆಲಸ ಪೌರಕಾರ್ಮಿಕರ ಮೇಲೆ ಬೀಳದಂತೆ ಗುಂಪಿನ ಹಿಂದೆ ಇಬ್ಬರು ಚೀಲ ಹಿಡಿದು ಬರಬೇಕು.

ದುಡ್ಡಿನ ಲೆಕ್ಕ

ವೇಷ ಕಂಡ ಕೂಡಲೇ ಗಲ್ಲಾಪೆಟ್ಟಿಗೆಯಿಂದ ಹತ್ತು, ಐವತ್ತು ತೆಗೆದು ಕೊಡುವುದು ಇಲ್ಲಿಯವರ ಅಭ್ಯಾಸ. ಆ ನಂಬಿಕೆಯೇ ಇಂಥ ಓಟಗಳ ಬಂಡವಾಳ. ಒಂದು ಸಲ ಕೆಟ್ಟರೆ ಮುಂದಿನ ವರ್ಷ ಬರುವ ನಿಜವಾದ ವೇಷದವರಿಗೂ ಬಾಗಿಲು ಮುಚ್ಚುತ್ತದೆ. ಹಾಗಾಗಿ ಯಾರ ಚಿಕಿತ್ಸೆಗೆ, ಯಾವ ಶಾಲೆಗೆ ಎಂದು ಮೊದಲೇ ಹೇಳಬೇಕು. ಪೆಟ್ಟಿಗೆಗೆ ಬೀಗ ಹಾಕಿ, ಓಟ ಮುಗಿದಲ್ಲೇ ನಾಲ್ಕು ಜನರೆದುರು ಎಣಿಸಿ, ಬಂದದ್ದೆಷ್ಟು, ಖರ್ಚೆಷ್ಟು, ಕೊಟ್ಟದ್ದೆಷ್ಟು ಎಂದು ಬರೆದು ಹಾಕಬೇಕು. ಕ್ಯೂಆರ್ ಕೋಡ್ ಇದ್ದರೆ ಹಣ ಯಾರ ಹೆಸರಿಗೆ ಹೋಗುತ್ತಿದೆ ಎಂದು ಅಂಗಡಿಯವರು ಒಮ್ಮೆ ಓದಿ ನೋಡಬೇಕು. ದೊಡ್ಡ ಮೊತ್ತ ಕೊಡುವವರು ರಶೀದಿ ಕೇಳುವುದರಲ್ಲಿ ಸಂಕೋಚ ಬೇಡ.

ಈ ವರ್ಷ ಹೊರಡುವ ಬಳಗಗಳು ಮೊದಲು ಮಾಡಬೇಕಾದ ಕೆಲಸ ಮೂರು: ಠಾಣೆಗೆ ಅರ್ಜಿ, ದಾರಿಯಲ್ಲಿರುವ ಅಂಗಡಿಗಳಿಗೆ ಒಂದು ಸುತ್ತು, ಪ್ರಥಮ ಚಿಕಿತ್ಸೆ ಗೊತ್ತಿರುವ ಇಬ್ಬರನ್ನು ಗುಂಪಿನ ಹಿಂದೆ ನಿಲ್ಲಿಸುವುದು. ವೇಷ ಯಾವುದು ಎಂಬ ಚರ್ಚೆ ಆಮೇಲೆ ಮಾಡಿದರೂ ಆಗುತ್ತದೆ.