ಲಂಗೋಟಿ ಪುರಾಣ

ನನ್ನ ಮಗಳು ಹುಟ್ಟಿದ್ದು 2022ರ ಜುಲೈ ತಿಂಗಳಿನಲ್ಲಿ, ಭದ್ರಾವತಿಯಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ದಿನಗಳಲ್ಲಿ. ನನಗಾಗ ನಲವತ್ತೊಂದು ವರ್ಷ. ನನ್ನ ಸಹಪಾಠಿಗಳಲ್ಲಿ ಕೆಲವರ ಮಕ್ಕಳು ಆಗಲೇ ಕಾಲೇಜಿನ ಮೆಟ್ಟಿಲು ಹತ್ತಿದ್ದರು. ಅತಿಥಿ ಉಪನ್ಯಾಸಕನೆಂಬ ಹೆಸರಿನಲ್ಲಿ ಊರೂರು ಅಲೆದು, ನೌಕರಿ ಕಾಯಂ ಆಗುವ ಹೊತ್ತಿಗೆ ಮುಂದಲೆಯ ಕೂದಲು ಕಳೆದುಕೊಂಡು, ಆಮೇಲೆ ಮದುವೆಯಾದವನು ನಾನು. ತಡವಾಗಿ ತಂದೆಯಾದವನಿಗೆ ಉತ್ಸಾಹ ಹೆಚ್ಚು, ತಿಳಿವಳಿಕೆ ಕಡಮೆ. ಆ ಉತ್ಸಾಹದಲ್ಲಿಯೇ ಶಿವಮೊಗ್ಗದ ದುರ್ಗಿಗುಡಿಯ ಔಷಧದಂಗಡಿಯೊಂದರಲ್ಲಿ ಡೈಪರಿನ ದೊಡ್ಡದೊಂದು ಕಟ್ಟನ್ನು ಕೊಂಡು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇರಿಸಿಕೊಂಡು ಮಾವನವರ ಮನೆಯನ್ನು ಸೇರಿದೆ.

ಅಲ್ಲಿ ನನ್ನ ಅತ್ತೆ ತಮ್ಮ ಸಿದ್ಧತೆಯನ್ನು ಆಗಲೇ ಮುಗಿಸಿದ್ದರು. ಮಾವನವರ ಹಳೆಯ ಪಂಚೆ ಎರಡು, ತಮ್ಮದೇ ನೂಲಿನ ಸೀರೆ ಒಂದು. ಪಂಚೆಯಿಂದ ಆರಾರು ಚೌಕ, ಸೀರೆಯಿಂದ ಹದಿನೆಂಟು, ಅಂತೂ ಮೂವತ್ತು ತುಂಡುಗಳನ್ನು ಹರಿದು, ಬಿಸಿನೀರಿನಲ್ಲಿ ಕುದಿಸಿ ಒಣಗಿಸಿ ಮಡಿಚಿಟ್ಟಿದ್ದರು. ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ. ಎರಡು ತುದಿ ಸೊಂಟಕ್ಕೆ, ಮೂರನೆಯದು ಕಾಲಿನ ನಡುವಿನಿಂದ ಮೇಲಕ್ಕೆ, ಒಂದು ಗಂಟು. ಇಷ್ಟೇ ಶಾಸ್ತ್ರ. ಹೊಸ ಬಟ್ಟೆಯಾದರೆ ಗಂಜಿ ಇರುತ್ತದೆ, ಒರಟಾಗಿರುತ್ತದೆ, ನೀರನ್ನು ಬೇಗ ಹೀರುವುದಿಲ್ಲ. ನೂರಾರು ಸಲ ಒಗೆದು ಮೆತ್ತಗಾದ ಹಳೆಯ ನೂಲೇ ಎಳೆಯ ಮೈಗೆ ಹಿತ. ಕೂಸಿಗೆ ಮೊದಲು ಹಳೆಯ ಬಟ್ಟೆ ತೊಡಿಸುವ ನಮ್ಮ ಮನೆಗಳ ರೂಢಿಯಲ್ಲಿ ದೃಷ್ಟಿಯ ಭಯ ಎಷ್ಟಿದೆಯೋ, ಈ ವಿವೇಕವೂ ಅಷ್ಟೇ ಇದೆ.

ನಾನು ತಂದ ಕಟ್ಟನ್ನು ಅತ್ತೆ ತಿರುಗಿಸಿ ನೋಡಿ, “ಇರಲಿ ಬಿಡಿ, ಆಸ್ಪತ್ರೆಗೆ ಹೋಗುವಾಗ ಆಗುತ್ತೆ” ಎಂದು ಅಟ್ಟದ ಮೇಲಿಟ್ಟರು. ನನಗೆ ಸ್ವಲ್ಪ ಅವಮಾನವೇ ಆಯಿತೆನ್ನಬೇಕು.

ಕನ್ನಡದ ಮೇಷ್ಟರಿಗೆ ಅವಮಾನವಾದಾಗ ಅವನು ನಿಘಂಟಿನ ಮೊರೆಹೋಗುತ್ತಾನೆ. ‘ಲಂಗೋಟಿ’ ನಮ್ಮ ಆಡುಮಾತಿನಲ್ಲಿ ನೆಲೆಯೂರಿದ ಪದ. ‘ಕೌಪೀನ’ ಸಂಸ್ಕೃತದಿಂದ ಬಂದದ್ದು. ಪಾಣಿನಿ ಅದನ್ನು ‘ಅಕಾರ್ಯ’ ಎಂಬರ್ಥದಲ್ಲಿ, ಎಂದರೆ ಮಾಡಬಾರದ್ದು, ಮರೆಮಾಡಬೇಕಾದ್ದು ಎಂಬ ಭಾವದಲ್ಲಿ ಹೇಳಿದ್ದಾನೆ. ಇನ್ನು ‘ಡೈಪರ್’ ಎಂಬ ಇಂಗ್ಲಿಷಿನ ಪದದ ಕಥೆ ಇನ್ನೂ ಸ್ವಾರಸ್ಯ. ಅದು ಮೂಲತಃ ಒಂದು ಬಟ್ಟೆಯ ಹೆಸರು; ವಜ್ರಾಕೃತಿಯ ಸಣ್ಣ ಸಣ್ಣ ಮನೆಗಳು ಮೂಡುವಂತೆ ನೇಯ್ದ ಬಿಳಿಯ ಬಟ್ಟೆ. ಆ ಬಟ್ಟೆಯನ್ನು ಮಕ್ಕಳಿಗೆ ಉಡಿಸುತ್ತಿದ್ದುದರಿಂದ ಹೆಸರು ಉಡುಗೆಗೆ ಅಂಟಿತು. ಈಗ ಬಟ್ಟೆ ಹೋಗಿ ಹೆಸರೊಂದೇ ಉಳಿದಿದೆ. ಅಂಗಡಿಯಲ್ಲಿ ದೊರೆಯುವ ಡೈಪರಿನಲ್ಲಿ ನೇಯ್ದ ಒಂದು ಎಳೆಯೂ ಇಲ್ಲವೆಂಬುದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಒಂದು ಅವಘಡದ ಮೂಲಕ.

ಮಗುವನ್ನು ಚುಚ್ಚುಮದ್ದಿಗೆ ಕರೆದೊಯ್ದು ಬಂದ ಸಂಜೆ ಅತ್ತೆ, ಅಭ್ಯಾಸಬಲದಿಂದ, ಒದ್ದೆ ಡೈಪರನ್ನೂ ಉಳಿದ ಬಟ್ಟೆಗಳೊಡನೆ ನೀರಿನ ಬಕೆಟ್ಟಿಗೆ ಹಾಕಿಬಿಟ್ಟರು. ಬೆಳಗ್ಗೆ ನೋಡಿದರೆ ಅದು ಊದಿ, ಹೊಟ್ಟೆಯೊಡೆದು, ಬಕೆಟ್ಟಿನ ತುಂಬ ಸಾಬಕ್ಕಿ ಗಂಜಿಯಂಥ ಲೋಳೆ ಮಾಡಿತ್ತು. ಹನ್ನೆರಡು ಲಂಗೋಟಿಗಳಿಗೆ ಅದು ಮೆತ್ತಿಕೊಂಡಿತ್ತು. ಮನೆಯವರೆಲ್ಲ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆವು. ಮಾವನವರು ಮಾತ್ರ ಒಳಗೆ ಹೋಗಿ ಕೈಹಾಕಿದರು. ಆಮೇಲೆ ಅಟ್ಟದ ಮೇಲಿನ ಕಟ್ಟಿನಿಂದ ಒಣಗಿದ್ದೊಂದನ್ನು ತರಿಸಿ, ಕತ್ತರಿಯಿಂದ ಸೀಳಿ, ಒಳಗಿನ ಬಿಳಿಯ ಹತ್ತಿಯಂಥ ಪದಾರ್ಥವನ್ನು ಬೆಳಕಿಗೆ ಹಿಡಿದು ಎರಡು ಬೆರಳಿನಿಂದ ಎಳೆದು ನೋಡಿದರು.

“ಇದು ಪಲ್ಪು, ನಮ್ಮದೇ” ಎಂದರು.

ಅವರು ಮೈಸೂರು ಕಾಗದದ ಕಾರ್ಖಾನೆಯ ಪಲ್ಪಿನ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ದುಡಿದವರು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಆ ಕಾರ್ಖಾನೆ ಮಲೆನಾಡಿನ ಬಿದಿರು, ನೀಲಗಿರಿಗಳನ್ನು ಬೇಯಿಸಿ ಬರೆಯುವ ಕಾಗದವನ್ನೂ, ಮುಂದೆ ಪತ್ರಿಕೆಗಳ ಮುದ್ರಣದ ಕಾಗದವನ್ನೂ ಮಾಡಿತು. 2015ರಲ್ಲಿ ಅದರ ಉತ್ಪಾದನೆ ನಿಂತಿತು. ಆ ವಿಷಯವನ್ನು ಮಾವನವರು ಮನೆಯಲ್ಲಿ ಎತ್ತುವುದಿಲ್ಲ. ಯಾರಾದರೂ ಎತ್ತಿದರೆ ಎದ್ದು ಹಿತ್ತಿಲಿಗೆ ಹೋಗುತ್ತಾರೆ. ಅಂಥವರು ಆ ದಿನ ಜಗಲಿಯ ಮೇಲೆ ಕುಳಿತು ಒಂದು ಗಂಟೆ ಮಾತನಾಡಿದರು. ಬಿದಿರಿನ ನಾರು ಎಷ್ಟು ಉದ್ದ, ನೀಲಗಿರಿಯದು ಎಷ್ಟು ಗಿಡ್ಡ, ಬೇಯಿಸುವ ಪಾತ್ರೆಯಿಂದ ಇಳಿದಾಗ ಪಲ್ಪಿಗೆ ಯಾವ ವಾಸನೆ, ಬಿಳಿಯಾಗುವುದಕ್ಕೆ ಎಷ್ಟು ನೀರು. “ಇದು ಉದ್ದ ನಾರು, ನಮ್ಮ ಕಡೆಯ ಮರದ್ದಲ್ಲ” ಎಂದು ತೀರ್ಪುಕೊಟ್ಟರು. ನಾನು ಓದಿ ನೋಡಿದೆ, ನಿಜ. ಡೈಪರಿಗೆ ಬಳಸುವ ಪಲ್ಪಿನ ಬಹುಭಾಗ ಅಮೆರಿಕದ ದಕ್ಷಿಣ ಭಾಗದ ಪೈನ್ ಮರಗಳದು.

ನಾರಿನ ನಡುವೆ ಹರಳುಹರಳಾಗಿ ಇದ್ದುದನ್ನು ಅಂಗೈಗೆ ಉದುರಿಸಿಕೊಂಡು, “ಇದೇನು, ಸಕ್ಕರೆಯೂ ಹಾಕಿದಾರೋ?” ಎಂದು ನಕ್ಕರು. ಅವರ ಕಾರ್ಖಾನೆಗೆ ಸೇರಿದ ಸಕ್ಕರೆಯ ಘಟಕವೂ ಒಂದಿತ್ತು. ಅದು ಸಕ್ಕರೆಯಲ್ಲ; ಸೋಡಿಯಂ ಪಾಲಿಅಕ್ರಿಲೇಟ್ ಎಂಬ ರಾಸಾಯನಿಕ. ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹೀರಿ ಲೋಳೆಯಾಗಿ ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಬಕೆಟ್ಟಿನ ಅವಾಂತರಕ್ಕೆ ಅದೇ ಕಾರಣ. ಮೈಗೆ ತಾಗುವ ಪದರ, ನೀರು ಹೊರಬರದಂತೆ ತಡೆಯುವ ಹೊರಪದರ, ಎರಡೂ ಪ್ಲಾಸ್ಟಿಕ್ಕೇ.

ಈ ವಸ್ತುವಿನ ಇತಿಹಾಸ ದೀರ್ಘವೇನಲ್ಲ. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ, ಸ್ನಾನಗೃಹದ ಪರದೆಯ ಬಟ್ಟೆಯಿಂದ ಲಂಗೋಟಿಗೆ ನೀರು ಸೋರದ ಹೊರಹೊದಿಕೆಯೊಂದನ್ನು ಹೊಲಿದಳು. 1949ರಲ್ಲಿ ಅದು ನ್ಯೂಯಾರ್ಕಿನ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಒಳಗಿನ ಬಟ್ಟೆ ಆಗಲೂ ಬಟ್ಟೆಯೇ. ತೊಟ್ಟು ಎಸೆಯುವ ಪ್ಯಾಂಪರ್ಸ್ ಪ್ರಯೋಗಾರ್ಥವಾಗಿ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಹೀರುವ ಹರಳು ಸೇರಿದ್ದು ಎಂಬತ್ತರ ದಶಕದಲ್ಲಿ. ನಾನು ತೊಟ್ಟಿಲಲ್ಲಿದ್ದಾಗ ಶಿವಮೊಗ್ಗದ ತಾಯಂದಿರು ಇದರ ಹೆಸರನ್ನೂ ಕೇಳಿರಲಾರರು.

ಐದನೆಯ ತಿಂಗಳಿಗೆ ತಾಯಿ ಮಗು ಶಿವಮೊಗ್ಗಕ್ಕೆ ಬಂದರು. ವಿನೋಬನಗರದಲ್ಲಿ ನಮ್ಮದು ಬಾಡಿಗೆಯ ಮನೆ, ಹಿತ್ತಿಲಿಲ್ಲ, ಬಚ್ಚಲೊಲೆಯಿಲ್ಲ. ಅತ್ತೆಯ ಆಡಳಿತ ಮುಗಿಯಿತೆಂದು ನಾನು ಮತ್ತೆ ಡೈಪರಿನ ಕಟ್ಟುಗಳನ್ನು ತರತೊಡಗಿದೆ. ದಿನಕ್ಕೆ ಎಂಟು ಬೇಕಾಗುತ್ತಿತ್ತು. ಒಂದಕ್ಕೆ ಹತ್ತು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 2,400 ರೂಪಾಯಿ. ಹಣದ ಮಾತು ಹಾಗಿರಲಿ. ಬಳಸಿದ್ದನ್ನು ನಾನು ಪತ್ರಿಕೆಯಲ್ಲಿಯೂ ಸುತ್ತದೆ ಅಡಿಗೆಮನೆಯ ಹಸಿಕಸದೊಡನೆ ಸುರಿಯುತ್ತಿದ್ದೆ.

ಒಂದು ಬೆಳಗ್ಗೆ ಕಸದ ಗಾಡಿಯ ಹೆಂಗಸು ನಮ್ಮ ಬುಟ್ಟಿಯನ್ನು ಕೆಳಗಿಟ್ಟು ನನ್ನನ್ನು ಕರೆದಳು. ವಯಸ್ಸಿನಲ್ಲಿ ನನ್ನ ತಂಗಿಯಂತಿದ್ದಳು. “ಸಾರ್, ಇದನ್ನ ಹಸಿ ಕಸದಲ್ಲಿ ಹಾಕಬೇಡಿ. ಅಲ್ಲಿ ನಾವೇ ಕೈಯಲ್ಲಿ ಆರಿಸಿ ತೆಗೀಬೇಕು” ಎಂದಳು. ಕೋಪವಿರಲಿಲ್ಲ, ದೈನ್ಯವೂ ಇರಲಿಲ್ಲ; ವಿದ್ಯಾರ್ಥಿಗೆ ತಪ್ಪನ್ನು ತೋರಿಸುವ ದನಿ. ನನ್ನ ಮಗಳ ಮಲವನ್ನು ನನ್ನ ಮನೆಯಲ್ಲಿ ಯಾರೂ ಮುಟ್ಟದಿರಲೆಂದು ನಾನು ಹಣ ಕೊಟ್ಟಿದ್ದೆ. ಮುಟ್ಟುವ ಕೆಲಸ ಇಲ್ಲವಾಗಿರಲಿಲ್ಲ, ಅವಳ ಪಾಲಿಗೆ ಹೋಗಿತ್ತು. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕೆಂದೂ, ಸುತ್ತುವ ಚೀಲವನ್ನು ತಯಾರಕರೇ ಒದಗಿಸಬೇಕೆಂದೂ ಹೇಳುತ್ತಿದ್ದವು. ಓದಿಕೊಂಡವನಾದ ನನಗೆ ಅದು ಗೊತ್ತಿರಲಿಲ್ಲ. ಎರಡೂವರೆ ವರ್ಷಗಳಲ್ಲಿ ಒಂದು ಮಗು ನಾಲ್ಕು ಸಾವಿರಕ್ಕೂ ಹೆಚ್ಚು ಡೈಪರುಗಳನ್ನು ಬಳಸುತ್ತದೆಂದು ಆ ರಾತ್ರಿ ಲೆಕ್ಕಹಾಕಿದೆ. ಅದರ ಪ್ಲಾಸ್ಟಿಕ್ಕು ಕೊಳೆಯುವುದಿಲ್ಲ. ಸುಟ್ಟರೆ ಹೊಗೆ ನೆರೆಮನೆಗೆ.

ಮರುದಿನ ನಾನು ಘೋಷಿಸಿದೆ: ಇನ್ನು ಬಟ್ಟೆಯೇ ಆಗಬೇಕು.

ನನ್ನಾಕೆ ಮಗುವಿಗೆ ಹಾಲೂಡಿಸುತ್ತ ಕುಳಿತಿದ್ದಳು. ಅವಳೂ ಉಪಾಧ್ಯಾಯಿನಿ, ಹೆರಿಗೆಯ ರಜೆ ಮುಗಿಯಲು ಒಂದು ತಿಂಗಳಿತ್ತು. “ಆಗಲಿ. ಒಗೆಯೋರು ಯಾರು ಅಂತ ಅದನ್ನೂ ಹೇಳಿಬಿಡಿ” ಎಂದಳು.

ಪರಿಸರವನ್ನು ಕುರಿತು ಗಂಡಸರು ಮಾಡುವ ಭಾಷಣಗಳೆಲ್ಲ ಈ ಒಂದು ಪ್ರಶ್ನೆಯ ಮುಂದೆ ಬಂದು ನಿಲ್ಲಬೇಕೆಂದು ನನಗೆ ತೋರುತ್ತದೆ. ಹಳೆಯ ಕಾಲದ ಬಟ್ಟೆಯ ಲಂಗೋಟಿಯನ್ನು ಹೊಗಳುವವರು ಹಳೆಯ ಕಾಲದ ಹೆಂಗಸಿನ ಸೊಂಟವನ್ನು ಮರೆತಿರುತ್ತಾರೆ. ನಾನು ಒಗೆಯುತ್ತೇನೆಂದೆ. ಅವಳು ನಗಲಿಲ್ಲ. “ಒಂದು ವಾರ ನೋಡೋಣ” ಎಂದಳು.

ಹೀಗೆ ನನ್ನ ಬೆಳಗು ಐದೂವರೆಗೆ ಆರಂಭವಾಯಿತು. ಮಲವನ್ನು ಪಾಯಿಖಾನೆಗೆ ತೊಳೆದುಬಿಡುವುದು, ತಣ್ಣೀರಿನಲ್ಲಿ ಒಮ್ಮೆ ಜಾಲಿಸುವುದು, ಅನಂತರ ಬಿಸಿನೀರು, ಸಾಬೂನು. ಮೊದಲ ವಾರದಲ್ಲಿಯೇ ಮಗುವಿನ ತೊಡೆ ಕೆಂಪಾಗಿ ಗುಳ್ಳೆಯೆದ್ದಿತು. ಅವಳು ಅತ್ತಾಗ ನನ್ನ ಸಿದ್ಧಾಂತವೆಲ್ಲ ಕರಗಿತು. ಸ್ಕೂಟರನ್ನೇರಿ ಅಂಗಡಿಗೆ ಹೊರಟವನನ್ನು ಅತ್ತೆಯ ದೂರವಾಣಿ ತಡೆಯಿತು. “ಸಾಬೂನು ಹೋಗಿಲ್ಲ ಬಟ್ಟೆಯಲ್ಲಿ. ನಾಲಗೆಗೆ ಮುಟ್ಟಿಸಿ ನೋಡಿ. ಇನ್ನೆರಡು ನೀರು ಹಾಕಿ.” ನೋಡಿದೆ, ಹೌದು. ಅಲ್ಲದೆ, ಪರಿಮಳಕ್ಕೆಂದು ನಾನು ಸೇರಿಸುತ್ತಿದ್ದ ದ್ರವ ನೂಲಿನ ಮೇಲೆ ಜಿಡ್ಡಿನ ಪದರ ಕಟ್ಟಿ, ಹೀರುವ ಶಕ್ತಿಯನ್ನೇ ಕೆಡಿಸುತ್ತಿತ್ತು. ಅದನ್ನು ಬಿಟ್ಟು, ಎರಡು ಮೂರು ಗಂಟೆಗೊಮ್ಮೆ ತಪ್ಪದೆ ಬದಲಿಸತೊಡಗಿದ ಮೇಲೆ ನಾಲ್ಕು ದಿನದಲ್ಲಿ ಚರ್ಮ ತಿಳಿಯಾಯಿತು.

ಅದೇ ದಿನಗಳಲ್ಲಿ ನನ್ನ ತಾಯಿ ಬಂದರು. ಬೆಳಗಿನ ಜಾವದಲ್ಲಿ ಒಗೆಯುವ ಕಲ್ಲಿನ ಮುಂದೆ ಮಗನನ್ನು ಕಂಡು, “ಇದೇನೋ ನಿನ್ನ ಅವತಾರ?” ಎಂದರು. ಸೊಸೆಯನ್ನು ಅಂದಾರೆಂದು ನಾನು ಹೆದರಿದೆ. ಅವರು ಸ್ವಲ್ಪ ಹೊತ್ತು ನಿಂತು, “ನಿಮ್ಮಪ್ಪ ನಿನ್ನ ಬಟ್ಟೆಯನ್ನ ಒಂದು ದಿನವೂ ಮುಟ್ಟಿದವರಲ್ಲ. ಬಾಣಂತನದಲ್ಲಿ ನನಗೆ ಜ್ವರ ಬಂದಿದ್ದಾಗಲೂ ಮುಟ್ಟಲಿಲ್ಲ” ಎಂದರು. ನಲವತ್ತು ವರ್ಷ ಅವರು ಈ ಮಾತನ್ನು ಎಲ್ಲಿಟ್ಟಿದ್ದರೋ! ನಾನು ಏನು ಹೇಳಬೇಕೆಂದು ತೋಚದೆ ಹಿಂಡತೊಡಗಿದೆ. ಅವರು ಬಗ್ಗಿ ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡರು.

ಒಗೆಯುವುದು ಹೇಗಾದರೂ ಆದೀತು, ಒಣಗಿಸುವುದೇ ಮಲೆನಾಡಿನ ಸೆರಗಿನಲ್ಲಿರುವವರ ಪಾಡು. ಭದ್ರಾವತಿಯ ಮನೆಯಲ್ಲಿ ಅಡಿಕೆಸಿಪ್ಪೆಯುರಿಯುವ ಬಚ್ಚಲೊಲೆಯಿದೆ. ಬಾಣಂತಿಯ ನೀರಿಗಾಗಿ ಹೇಗೂ ಉರಿಯುತ್ತದೆ. ಮೇಲೆ ಗಳ ಕಟ್ಟಿದರೆ ಬಟ್ಟೆ ತಾನೇ ಒಣಗುತ್ತದೆ. ಕೆಂಡದ ಮೇಲೆ ಬುಟ್ಟಿ ಕವುಚಿ, ಸಾಂಬ್ರಾಣಿಯ ಹೊಗೆಯಲ್ಲಿ ಬಟ್ಟೆಯನ್ನು ಬೆಚ್ಚಗೆ ಮಾಡುವುದೂ ಉಂಟು. ಮಗುವನ್ನು ಮಾತ್ರ ಆ ಹೊಗೆಯಿಂದ ದೂರವಿಡಬೇಕೆಂಬ ವೈದ್ಯರ ಮಾತನ್ನು ಅತ್ತೆ ಒಪ್ಪಿಕೊಂಡರು, ಮನಸ್ಸಿಲ್ಲದೆ. ವಿನೋಬನಗರದಲ್ಲಿ ನನಗಿದ್ದದ್ದು ಓದುವ ಕೋಣೆ ಮತ್ತು ಫ್ಯಾನು. 2023ರ ಮಳೆಗಾಲದಲ್ಲಿ ಪಂಪ, ರನ್ನ, ಕುಮಾರವ್ಯಾಸರ ಎದುರಿಗೆ ಮೂರು ಹಗ್ಗ ಕಟ್ಟಿದೆ. ಪದವಿ ಪರೀಕ್ಷೆಯ ಉತ್ತರಪತ್ರಿಕೆಯೊಂದರ ಮೇಲೆ ಒಂದು ಹನಿ ಬಿದ್ದು ಛಂದಸ್ಸಿನ ಪ್ರಸ್ತಾರವೊಂದು ಅಳಿಸಿತು. ಆ ವಿದ್ಯಾರ್ಥಿಗೆ ಆ ಪ್ರಶ್ನೆಗೆ ಪೂರ್ಣ ಅಂಕ ಕೊಟ್ಟೆ.

ಬಟ್ಟೆಯಾದ ಮಾತ್ರಕ್ಕೆ ಪುಣ್ಯವೆಂದು ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಅನಿಲವಾದರೆ, ಬಟ್ಟೆಯದರಿಂದ ಸರಾಸರಿ 570 ಕಿಲೋ! ಕಾರಣ ಬಟ್ಟೆಯಲ್ಲ, ಒಗೆಯುವ ಕ್ರಮ: ನೀರು ಕಾಯಿಸುವುದು, ಯಂತ್ರದಲ್ಲಿ ಬಿಸಿಗಾಳಿ ಹಾಯಿಸಿ ಒಣಗಿಸುವುದು. ಯಂತ್ರ ತುಂಬುವಷ್ಟು ಬಟ್ಟೆಯನ್ನು ಒಟ್ಟಿಗೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ 200 ಕಿಲೋ ಉಳಿಯುತ್ತದೆಂದು ಅದೇ ವರದಿ ಹೇಳಿತು. 2023ರ ಬ್ರಿಟಿಷ್ ಸರ್ಕಾರದ ಅಧ್ಯಯನದಲ್ಲಿ ಬಟ್ಟೆಯ ಭಾರ ಸುಮಾರು ಶೇಕಡಾ 25ರಷ್ಟು ಕಡಮೆಯೆಂದು ಕಂಡುಬಂದಿದೆ. ನಮ್ಮ ಅತ್ತೆಯ ಗಳ, ಬಿಸಿಲು, ಹಳೆಯ ಪಂಚೆ ಇವುಗಳನ್ನು ಆ ವಿದ್ವಾಂಸರು ಲೆಕ್ಕಕ್ಕೆ ಹಿಡಿದಿದ್ದರೆ ಅಂಕಿ ಇನ್ನೂ ಇಳಿಯುತ್ತಿತ್ತೆಂದು ನನ್ನ ಊಹೆ.

ಹಟ ಹಿಡಿಯಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ರಾತ್ರಿಗೆಂದು, ನೀರು ಸೋರದ ಹೊರಪದರವುಳ್ಳ, ಒಳಗೆ ಬಟ್ಟೆಯ ಮಡಿಕೆ ತುರುಕುವ ಹೊಸ ಮಾದರಿಯವನ್ನು ಐದು ಕೊಂಡೆವು. ದೂರದ ಪ್ರಯಾಣಕ್ಕೆ ಅಂಗಡಿಯದೇ. ಆದರೆ ಸುತ್ತಿ, ಮೇಲೆ ಗುರುತು ಹಾಕಿ ಕೊಡುತ್ತೇವೆ. ಕಸದ ಗಾಡಿಯ ತಂಗಿ ಈಗ ನನ್ನನ್ನು ಕಂಡರೆ ಮಗಳು ಹೇಗಿದ್ದಾಳೆಂದು ಕೇಳುತ್ತಾಳೆ.

ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಲಂಗೋಟಿಯ ಕಾಲ ಮುಗಿಯಿತು. ಒದ್ದೆಯಾದದ್ದು ತಕ್ಷಣ ತಿಳಿಯುವುದರಿಂದ ಮಗು ಹೇಳುವುದನ್ನು ಬೇಗ ಕಲಿಯುತ್ತದೆಂದು ಅತ್ತೆಯ ವಾದ; ಒಂದು ಮಗುವನ್ನು ಕಂಡು ಸಿದ್ಧಾಂತ ಕಟ್ಟಲಾರೆ. ಮೂವತ್ತರಲ್ಲಿ ಹತ್ತೊಂಬತ್ತು ಗಟ್ಟಿಯಾಗಿ ಉಳಿದಿದ್ದವು. ಕುದಿಸಿ ಒಣಗಿಸಿ, ಭದ್ರಾವತಿಯ ಹೊಸಮನೆಯಲ್ಲಿರುವ ಹೆಂಡತಿಯ ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಕಳಿಸಿದೆವು. ಕೊಂಡೊಯ್ದವರು ಮಾವನವರು. ಹೊರಡುವ ಮುನ್ನ ಒಂದನ್ನು ಬಿಡಿಸಿ, ಅಂಚಿನ ಕೆಂಪುಗೆರೆಯನ್ನು ನೋಡಿ, “ಇದು ನಾನು ರಿಟೈರಾದ ದಿನ ಉಟ್ಟಿದ್ದ ಪಂಚೆ” ಎಂದರು. ಆಮೇಲೆ ಅದನ್ನು ಮಡಿಚಿ ಉಳಿದವುಗಳ ನಡುವೆ ಇಟ್ಟು, ಆರೂಕಾಲರ ಬಸ್ಸಿಗೆ ತಡವಾಗುತ್ತದೆಂದು ಹೊರಟುಬಿಟ್ಟರು.