ಹೊಸ ಗುರು, ಹೊಸ ತಂಡ

ಜೆ.ಪಿ. ನಗರದ ಮೈದಾನಗಳಲ್ಲಿ ಸಂಜೆ ಕಾಲ್ಚೆಂಡಾಡುವ ಕಾಲೇಜು ತರುಣರನ್ನು ಕಂಡಾಗ ಪ್ರಶ್ನೆಯೊಂದು ಏಳುತ್ತದೆ: ಒಬ್ಬ ಶಿಕ್ಷಕನು ಒಂದೇ ವರ್ಷದಲ್ಲಿ ತಂಡವನ್ನು ಕಟ್ಟಬಲ್ಲನೆ? 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಇದಕ್ಕೆ ಉತ್ತರವಿತ್ತಿತು. ಅದರ ಪ್ರಥಮ ಶಿಕ್ಷಕರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ಡರು; ಹಿಂದೆ ತಾವೇ ರಕ್ಷಣಾಪಂಕ್ತಿಯಲ್ಲಿ ಆಡಿದವರು. ನಾಯಕ ಸುನಿಲ್ ಛೇತ್ರಿ. ಉಳಿದವರು ಬೇರೆ ಬೇರೆ ತಂಡಗಳಿಂದ ಬಂದವರು.

ಶಿಕ್ಷಕರು ಮೊದಲು ಹಿಡಿದುದು ದೇಹದಾರ್ಢ್ಯದ ಸಾಧನೆಯನ್ನು. ಕಾಲ್ಚಳಕವೊಂದೇ ಸಾಕೆಂದು ನಮ್ಮಲ್ಲಿ ಅನೇಕರ ನಂಬಿಕೆ. ಆದರೆ, ಶ್ರೋತೃಗಳೇ, ಕೊನೆಯ ಹತ್ತು ನಿಮಿಷಗಳಲ್ಲಿ ಓಡಲಾರದ ಕಾಲಿಗೆ ಚಳಕವೆಲ್ಲಿಯದು?

ಐ-ಲೀಗಿನ ಮೊದಲ ಪಂದ್ಯ ಮೋಹನ್ ಬಗಾನಿನೊಡನೆ 1-1ರಲ್ಲಿ ಸಮವಾಯಿತು. 24 ಪಂದ್ಯಗಳಲ್ಲಿ 47 ಅಂಕ ಗಳಿಸಿದ ಈ ತಂಡವು, 2014ರ ಏಪ್ರಿಲ್ 21ರಂದು ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಮೊದಲ ವರ್ಷವೇ ಪ್ರಶಸ್ತಿಯನ್ನು ಊರಿಗೆ ತಂದಿತು.