ಕೂಡಿಸಿ ಬರೆದರೇನು, ಬಿಡಿಸಿ ಬರೆದರೇನು?

ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ಪುಸ್ತಕದ ಅಂಗಡಿಗಳಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕಗಳಿಗೆ ಎಲ್ಲಿಲ್ಲದ ಬೇಡಿಕೆ. ನೆರೆಮನೆಯ ಹುಡುಗ ಇಂಗ್ಲಿಷನ್ನು ಬಳ್ಳಿ ಹಬ್ಬಿದಂತೆ ಕೂಡಿಸಿ ಬರೆಯುತ್ತಾನೆ, ತಮ್ಮ ಮಗಳು ಮಾತ್ರ ಇನ್ನೂ ಅಚ್ಚಿನ ಮೊಳೆಗಳಂತೆ ಒಂದೊಂದೇ ಬಿಡಿ ಅಕ್ಷರ ಬರೆಯುತ್ತಾಳೆ ಎಂಬ ಕೊರಗು ಎಷ್ಟೋ ತಂದೆತಾಯಿಯರಿಗೆ. ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ. ಸೇರಿದ ಹುಡುಗ ಪಕ್ಕದವನ ಕೂಡುಬರಹ ನೋಡಿ ತನ್ನ ನೋಟ್ ಪುಸ್ತಕವನ್ನು ಮೆಲ್ಲಗೆ ಮುಚ್ಚಿಡುತ್ತಾನೆ. ಅಕ್ಷರ ಕೂಡಿದ್ದರೆ ಕಾನ್ವೆಂಟು, ಬಿಡಿಯಾಗಿದ್ದರೆ ಹಳ್ಳಿ ಶಾಲೆ ಎಂಬ ಲೆಕ್ಕ ಹೇಗೋ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಈ ಲೆಕ್ಕಕ್ಕೆ ಆಧಾರವಿದೆಯೇ? ಕೂಡಿಸಿ ಬರೆದರೆ ನಿಜಕ್ಕೂ ವೇಗ ಹೆಚ್ಚುತ್ತದೆಯೇ? ಬುದ್ಧಿ ಚುರುಕಾಗುತ್ತದೆಯೇ? ಮಗುವಿನ ಕೈಗೆ ಪೆಟ್ಟು ಬೀಳುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಲೇಖನಿ ತಿದ್ದಿದ ಅಕ್ಷರ

ಅಕ್ಷರದ ರೂಪವನ್ನು ತೀರ್ಮಾನಿಸುವುದರಲ್ಲಿ ಬರೆಯುವವನ ಕೈಯಲ್ಲಿರುವ ಸಾಧನದ ಪಾಲು ದೊಡ್ಡದು. ತಾಳೆಗರಿಯ ಮೇಲೆ ಕಬ್ಬಿಣದ ಚೂಪು ಲೇಖನಿಯಿಂದ ಕೊರೆಯುವಾಗ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಕನ್ನಡ, ತೆಲುಗು ಅಕ್ಷರಗಳು ದುಂಡಗಾಗಲು ಇದೂ ಒಂದು ಕಾರಣ ಎನ್ನುತ್ತಾರೆ ಲಿಪಿಯನ್ನು ಬಲ್ಲವರು.

ಅದೇ ಕನ್ನಡ, ಕಡತಕ್ಕೆ ಬಂದಾಗ ಬೇರೆಯೇ ರೂಪ ತಾಳಿತು. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿದ ಕಪ್ಪು ಪುಸ್ತಕವೇ ಕಡತ. ಇಂದು ಕಚೇರಿಯ ಫೈಲಿಗೆ ಉಳಿದಿರುವ ಹೆಸರು ಅದರದೇ. ಅದರ ಮೇಲೆ ಬಳಪ ಸಲೀಸಾಗಿ ಜಾರುತ್ತದೆ. ಹೀಗಾಗಿ ಲೆಕ್ಕಪತ್ರ ಬರೆಯುವವರು ಅಕ್ಷರಕ್ಕೆ ಅಕ್ಷರ ಕೂಡಿಸಿ ಓಡಿಸುತ್ತಿದ್ದರು. ಮೋಡಿ ಬರಹವೆಂದರೆ ಅದೇ. ಅಂದರೆ ಕೂಡುಬರಹ ಇಂಗ್ಲಿಷಿನ ಸ್ವತ್ತೇನೂ ಅಲ್ಲ.

ಯೂರೋಪಿನಲ್ಲಿ ಹಕ್ಕಿಯ ಪುಕ್ಕವನ್ನು ಕತ್ತರಿಸಿ ಶಾಯಿಯಲ್ಲಿ ಅದ್ದಿ ಬರೆಯುತ್ತಿದ್ದರು. ಪುಕ್ಕವನ್ನು ಎತ್ತಿ ಇಳಿಸಿದಂತೆಲ್ಲ ಶಾಯಿ ತೊಟ್ಟಿಕ್ಕುವ ಭಯ. ಎತ್ತುವುದನ್ನು ಕಡಿಮೆ ಮಾಡಿದರೆ ಕಲೆಯೂ ಕಡಿಮೆ. ಲುಡೊವಿಕೊ ಅರ್ರಿಘಿ ಎಂಬ ಲಿಪಿಕಾರ 1522ರಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ ಕಾಪಿ ಪುಸ್ತಕದಲ್ಲಿ ತುಸು ಬಲಕ್ಕೆ ವಾಲಿದ ಇಟಾಲಿಕ್ ಬರಹವನ್ನು ಕಲಿಸಿದ. ಕೂಡುವಲ್ಲಿ ಕೂಡಿಸಿ, ಕೂಡದಲ್ಲಿ ಬಿಡುವ ಶೈಲಿ ಅದು. ಭಾರತ ಸಂವಿಧಾನದ ಇಂಗ್ಲಿಷ್ ಮೂಲಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ ಅವರು ಕೈಯಲ್ಲಿ ಬರೆದದ್ದೂ ಇಟಾಲಿಕ್ ಶೈಲಿಯಲ್ಲೇ.

ಮುಂದೆ ವ್ಯಾಪಾರ ಬೆಳೆದಂತೆ ದಿನವಿಡೀ ಕಾಗದ ಬರೆಯುವ ಗುಮಾಸ್ತರು ಬೇಕಾದರು. ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ನೌಕರರನ್ನು ಕರೆಯುತ್ತಿದ್ದುದೇ 'ರೈಟರ್' ಎಂದು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗಿಗೆ ಆ ಹೆಸರು ಬಂದದ್ದು ಅವರಿಂದ. ಅಮೆರಿಕದಲ್ಲಿ ಆಸ್ಟಿನ್ ನಾರ್ಮನ್ ಪಾಮರ್ 1894ರಲ್ಲಿ ವ್ಯವಹಾರ ಬರಹದ ಕೈಪಿಡಿ ಹೊರತಂದ. ಬೆರಳಾಡಿಸುವ ಬದಲು ಇಡೀ ತೋಳಿನ ಚಲನೆಯಿಂದ, ನಿಲ್ಲದೆ ಬರೆಯಬೇಕೆಂಬುದು ಅವನ ಪಾಠ. ಸುಂದರ ಕೂಡುಬರಹ ಕಚೇರಿಯ ನೌಕರಿಗೆ ರಹದಾರಿಯಾಗಿದ್ದ ಕಾಲ ಅದು. ಆ ನೌಕರಿಗಳು ಟೈಪ್‌ರೈಟರಿಗೂ ಆಮೇಲೆ ಕಂಪ್ಯೂಟರಿಗೂ ಹೋದವು. ಕೂಡುಬರಹಕ್ಕೆ ಅಂಟಿದ್ದ ಗೌರವ ಮಾತ್ರ ಹಾಗೇ ಉಳಿಯಿತು.

ಅಚ್ಚಿನಂಥ ಬರಹ ಬಂದದ್ದು

ಬಿಡಿ ಅಕ್ಷರ ಶಾಲೆಗೆ ಬಂದದ್ದು ತೀರ ಈಚೆಗೆ. ಲಂಡನ್ನಿನ ಲಿಪಿ ಕಲಾವಿದ ಎಡ್ವರ್ಡ್ ಜಾನ್‌ಸ್ಟನ್ 1913ರಲ್ಲಿ ಅಲ್ಲಿನ ಶಿಕ್ಷಕರ ಸಮ್ಮೇಳನದಲ್ಲಿ ಮಾತನಾಡುತ್ತ, ಮಕ್ಕಳಿಗೆ ಮೊದಲು ಸರಳವಾದ ಮೂಲ ಅಕ್ಷರಗಳನ್ನು ಕಲಿಸಬಾರದೇಕೆ ಎಂಬ ವಿಚಾರ ಮುಂದಿಟ್ಟ. ಲಂಡನ್ನಿನ ಭೂಗತ ರೈಲಿನ ಫಲಕಗಳಿಗೆ ಅಕ್ಷರ ರೂಪಿಸಿಕೊಟ್ಟವನೂ ಅವನೇ. ಶಿಕ್ಷಕರು ಅವನ ಮಾತನ್ನು ಇನ್ನಷ್ಟು ಸುಲಭಗೊಳಿಸಿ ಕಡ್ಡಿ ಮತ್ತು ಸೊನ್ನೆಗಳ ಬರಹ ಮಾಡಿಕೊಂಡರು. 1920ರ ದಶಕದ ಆರಂಭದಲ್ಲಿ ಮಾರ್ಜೊರಿ ವೈಸ್ ಎಂಬ ಇಂಗ್ಲಿಷ್ ಶಿಕ್ಷಕಿ ಅದನ್ನು ಅಮೆರಿಕಕ್ಕೆ ಒಯ್ದಳು. ಮಗು ಪುಸ್ತಕದಲ್ಲಿ ಓದುವ ಅಕ್ಷರವೂ ಬರೆಯುವ ಅಕ್ಷರವೂ ಒಂದೇ ಆಗಿದ್ದರೆ ಕಲಿಕೆ ಹಗುರ ಎಂಬುದು ಇದರ ಹಿಂದಿನ ತರ್ಕ.

ಬಿಡಿ ಅಕ್ಷರಕ್ಕೂ ತೊಡಕುಗಳಿವೆ. ಇಂಗ್ಲಿಷಿನ ಸಣ್ಣ 'ಬಿ' ಮತ್ತು 'ಡಿ' ಒಂದಕ್ಕೊಂದು ಕನ್ನಡಿಯ ಬಿಂಬ. ಎಳೆಯ ಮಕ್ಕಳು ಅದಲು ಬದಲು ಮಾಡುವುದು ಸಹಜ. ಕೂಡುಬರಹದಲ್ಲಿ ಅವೆರಡನ್ನೂ ಬರೆಯುವ ಚಲನೆಯೇ ಬೇರೆಯಾದ್ದರಿಂದ ಈ ಗೊಂದಲ ತಗ್ಗುತ್ತದೆ ಎನ್ನುವ ಶಿಕ್ಷಕರಿದ್ದಾರೆ. ಆದರೆ ಕೂಡುಬರಹದಲ್ಲಿ 'ಆರ್', 'ಎಸ್', 'ಜೆಡ್' ಅಕ್ಷರಗಳ ರೂಪವೇ ಬದಲಾಗಿ ಅಚ್ಚಿನ ಪುಸ್ತಕಕ್ಕೂ ನೋಟ್ ಪುಸ್ತಕಕ್ಕೂ ಸಂಬಂಧ ತಪ್ಪುತ್ತದೆ. ಒಂದರ ಲಾಭ ಇನ್ನೊಂದರ ನಷ್ಟ.

ವೇಗದ ಲೆಕ್ಕ

ಕೂಡಿಸಿ ಬರೆದರೆ ಪೆನ್ನು ಎತ್ತುವ ಸಮಯ ಉಳಿಯುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಅಕ್ಷರಗಳ ನಡುವೆ ಕೊಂಡಿ ಎಳೆಯಲು, ಸುತ್ತು ಹಾಕಲು ಪೆನ್ನು ಕಾಗದದ ಮೇಲೆ ಹೆಚ್ಚು ದೂರ ಸಾಗಬೇಕು. ಕೆಲವು ಕೊಂಡಿಗಳು ಸುಲಭ, ಕೆಲವು ಸುತ್ತುಬಳಸಿನ ದಾರಿ.

1998ರಲ್ಲಿ ಸ್ಟೀವ್ ಗ್ರಹಾಂ, ವರ್ಜೀನಿಯಾ ಬರ್ನಿಂಗರ್ ಮತ್ತು ಸಂಗಡಿಗರು ಅಮೆರಿಕದ 4ರಿಂದ 9ನೇ ತರಗತಿಯವರೆಗಿನ 600 ವಿದ್ಯಾರ್ಥಿಗಳ ಬರವಣಿಗೆಯನ್ನು ಪರೀಕ್ಷಿಸಿದರು. ಪೂರಾ ಕೂಡಿಸಿ ಬರೆಯುವವರಿಗೂ ಪೂರಾ ಬಿಡಿಸಿ ಬರೆಯುವವರಿಗೂ ವೇಗದಲ್ಲಾಗಲಿ ಸ್ಪಷ್ಟತೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಬೆರೆಸಿ ಬರೆಯುವವರು ಇಬ್ಬರಿಗಿಂತಲೂ ಮುಂದಿದ್ದರು. ಹೆಚ್ಚು ಕೂಡಿಸಿ, ಅಲ್ಲಲ್ಲಿ ಬಿಡುವವರ ಬರಹ ಸ್ಪಷ್ಟತೆಯಲ್ಲೂ ಮೇಲಾಗಿತ್ತು. ಹೊಲದ ನಡುವೆ ಓಡಾಡುವವರ ಕಾಲೇ ಹತ್ತಿರದ ಹಾದಿಯನ್ನು ಮಾಡಿಕೊಳ್ಳುವಂತೆ, ಪಳಗಿದ ಕೈ ತನಗೆ ಸಲೀಸಾದ ಕೊಂಡಿಗಳನ್ನು ಇಟ್ಟುಕೊಂಡು ಉಳಿದವನ್ನು ಬಿಡುತ್ತದೆ.

ಇಷ್ಟು ದೂರದ ಸಾಕ್ಷಿಯೂ ಬೇಡ. ಕನ್ನಡದಲ್ಲಿ ಇಂದು ನಾವೆಲ್ಲ ಬರೆಯುವುದು ಬಿಡಿ ಅಕ್ಷರವನ್ನೇ. ತಲೆಕಟ್ಟು, ಕೊಂಬು, ಒತ್ತಕ್ಷರ ಎಂದು ಪೆನ್ನನ್ನು ಎಷ್ಟೋ ಸಲ ಎತ್ತಿ ಇಳಿಸುತ್ತ, ಎಸ್.ಎಸ್.ಎಲ್.ಸಿ. ಮಕ್ಕಳು ಮೂರು ಗಂಟೆಯಲ್ಲಿ ಪುಟಗಟ್ಟಲೆ ಉತ್ತರ ಬರೆದು ನೂರಕ್ಕೆ ನೂರು ಗಳಿಸುತ್ತಾರೆ. ಅದೇ ಅಭ್ಯಾಸದ ಕೈ ಇಂಗ್ಲಿಷನ್ನೂ ಬಿಡಿಸಿ ಬರೆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಯಾವುದಕ್ಕೆ ಯಾವುದನ್ನು ಹೋಲಿಸಿದ್ದು?

ಕೂಡುಬರಹದಿಂದ ಮಿದುಳು ಬೆಳೆಯುತ್ತದೆ ಎಂಬ ಸುದ್ದಿಗಳು ಆಗಾಗ ಬರುತ್ತವೆ. ಇಂಥ ಸುದ್ದಿ ಓದಿದಾಗ ವಿಜ್ಞಾನದ ವಿದ್ಯಾರ್ಥಿ ಮೊದಲು ಕೇಳಬೇಕಾದ್ದು, ಯಾವುದನ್ನು ಯಾವುದರೊಡನೆ ಹೋಲಿಸಿದರು ಎಂದು. ನಾರ್ವೆಯಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 36 ವಿದ್ಯಾರ್ಥಿಗಳು ಕೂಡಿಸಿ ಬರೆದಾಗ, ಕೀಲಿ ಒತ್ತುವಾಗಿಗಿಂತ ಮಿದುಳಿನ ಭಾಗಗಳ ನಡುವಣ ಸಂಪರ್ಕ ಹೆಚ್ಚಾಗಿ ಕಂಡಿತು. ಅಲ್ಲಿ ಹೋಲಿಕೆ ಕೈಬರಹಕ್ಕೂ ಕೀಲಿಮಣೆಗೂ ಹೊರತು ಕೂಡುಬರಹಕ್ಕೂ ಬಿಡಿ ಬರಹಕ್ಕೂ ಅಲ್ಲ. 2012ರಲ್ಲಿ ಅಮೆರಿಕದ ಕೇರಿನ್ ಜೇಮ್ಸ್ ಇನ್ನೂ ಓದು ಬಾರದ, ಸುಮಾರು ಐದು ವರ್ಷದ ಮಕ್ಕಳಲ್ಲಿ ಇದೇ ಬಗೆಯ ಫಲ ಕಂಡರು. ಆ ಮಕ್ಕಳು ತಮ್ಮ ಕೈಯಾರೆ ಬರೆದದ್ದು ಬಿಡಿ ಅಕ್ಷರಗಳನ್ನೇ! ಲಾಭ ಇರುವುದು ಕೈಯಲ್ಲಿ ಬರೆಯುವುದರಲ್ಲಿ.

ಅಕ್ಷರದ ವಾಲು, ಬಾಲ ನೋಡಿ ಮಗುವಿನ ಸ್ವಭಾವ, ಭವಿಷ್ಯ ಹೇಳುತ್ತೇವೆಂದು ಹಣ ಕೇಳುವವರೂ ಇದ್ದಾರೆ. ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಈ ವಿದ್ಯೆ ನಿಂತಿಲ್ಲ. ಕೈಬರಹದಲ್ಲಿ ಹಣೆಬರಹ ಹುಡುಕುವುದು ದುಡ್ಡು ದಂಡ.

ಎಳೆಯ ಮಣಿಕಟ್ಟು

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮಗು ಹುಟ್ಟುವಾಗ ಇವು ಮೆದು ಮೃದ್ವಸ್ಥಿಯಾಗಿರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಎಕ್ಸ್‌ರೇ ಚಿತ್ರದಲ್ಲಿ ಇವನ್ನು ನೋಡಿಯೇ ವೈದ್ಯರು ಮಗುವಿನ ಮೂಳೆಗಳ ಬೆಳವಣಿಗೆಯನ್ನು ಅಂದಾಜು ಮಾಡುವುದು. ಬೆರಳುಗಳ ಹಿಡಿತವೂ ನಿಧಾನವಾಗಿ ಪಳಗುವಂಥದು. ಮೂರೂವರೆ ವರ್ಷದ ಕೂಸಿಗೆ ನಾಲ್ಕು ಗೆರೆಯೊಳಗೆ ಕೂಡಿಸಿ ಬರೆ ಎಂದು ಗದರುವುದು ಎಳೆ ಕರುವನ್ನು ನೊಗಕ್ಕೆ ಹೂಡಿದಂತೆ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಮ್ಮ ಅಕ್ಷರ ಚೆನ್ನಾಗಿಲ್ಲವೆಂದು ಮರುಗಿದ್ದಾರೆ. ಮಕ್ಕಳಿಗೆ ಮೊದಲು ಚಿತ್ರ ಬರೆಯುವುದನ್ನು, ಆಮೇಲೆ ಅಕ್ಷರವನ್ನು ಕಲಿಸಬೇಕೆಂಬುದು ಅವರ ಸಲಹೆ. 1909ರಲ್ಲಿ ಹಡಗಿನಲ್ಲಿ 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ದಣಿದರೆ ಎಡಗೈಯಲ್ಲಿ ಮುಂದುವರಿಸಿದರು. ಎಡಗೈಯನ್ನು ಕೀಳಾಗಿ ಕಾಣುವವರು ಇದನ್ನು ನೆನೆಯಬೇಕು. ಎಡಗೈಯ ಮಗು ಪೆನ್ನನ್ನು ಎಳೆಯುವ ಬದಲು ತಳ್ಳುತ್ತ ಬರೆಯಬೇಕು. ಅದಕ್ಕೆ ಬಲಕ್ಕೆ ವಾಲಿದ ಕೂಡುಬರಹ ಇನ್ನೂ ಕಷ್ಟ. ಅಂಥ ಮಗುವಿಗೆ ಕಾಗದವನ್ನು ತುಸು ಓರೆಯಾಗಿಡಲು ಹೇಳಿಕೊಟ್ಟರೆ ಅರ್ಧ ತೊಂದರೆ ತೀರುತ್ತದೆ.

ಬಾಲ್ ಪೆನ್ನಿನ ವಿಷಯವೂ ಗಮನಿಸತಕ್ಕದ್ದು. ಶಾಯಿ ಪೆನ್ನಿನ ನಿಬ್ಬಿನ ಸೀಳಿನಲ್ಲಿ ಶಾಯಿ ತಾನಾಗಿ ಇಳಿಯುತ್ತದೆ. ಬಾಲ್ ಪೆನ್ನಿನ ಶಾಯಿ ಮಂದ, ಗುಂಡು ಉರುಳಲು ಒತ್ತಬೇಕು. ಹೆಬ್ಬೆರಳು ನೋಯುತ್ತದೆ ಎಂದು ಮಗು ಹೇಳಿದರೆ ಸೋಮಾರಿತನವೆಂದು ಬೈಯುವ ಮೊದಲು ಪೆನ್ನು ಬದಲಿಸಿ ನೋಡಿ.

ಓದಲು ಬರಬೇಕು

ಹಾಗಾದರೆ ಕೂಡುಬರಹ ಕಲಿಸುವುದೇ ಬೇಡವೇ? ಫಿನ್‌ಲೆಂಡ್ 2016ರಿಂದ ಅದನ್ನು ಕಡ್ಡಾಯ ಪಾಠದಿಂದ ಕೈಬಿಟ್ಟಿತು. ಅಮೆರಿಕದ ಹಲವು ರಾಜ್ಯಗಳು 2010ರ ನಂತರ ಕೈಬಿಟ್ಟು, ಮತ್ತೆ ಮನಸ್ಸು ಬದಲಿಸಿದವು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ ವಾಪಸು ತಂದಿತು. ಒಂದು ಬರಹ ಶಾಲೆಯಿಂದ ಮರೆಯಾದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿ ಸಾಕ್ಷಿ. 1941ರಲ್ಲಿ ಅಲ್ಲಿನ ಹಳೆಯ ಕೂಡುಬರಹವನ್ನು ಸರ್ಕಾರ ನಿಲ್ಲಿಸಿತು. ಅಜ್ಜ ಅಜ್ಜಿಯರ ಕಾಗದ ಮೊಮ್ಮಕ್ಕಳಿಗೆ ಬ್ರಹ್ಮಲಿಪಿಯಾಯಿತು. ನಮ್ಮಲ್ಲೂ ಮೋಡಿ ಕಡತ ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಕೂಡುಬರಹವನ್ನು ಓದಲು ಎಲ್ಲರೂ ಕಲಿಯಲಿ. ಬರೆಯುವುದನ್ನು ಕೈಗೆ ಒಗ್ಗಿದಂತೆ ಬಿಡಬಹುದು.

ಬರಹ ಎಂಥದೇ ಇರಲಿ, ಇನ್ನೊಬ್ಬರು ತಡವರಿಸದೆ ಓದುವಂತಿರಬೇಕು. ಅದರಲ್ಲಿ ರಿಯಾಯಿತಿ ಇಲ್ಲ. 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು, ಔಷಧದ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರಿಗೆ ನಿಯಮ ಮಾಡಿತು. ಜೀವದ ಪ್ರಶ್ನೆ ಬಂದಾಗ ಕೇಳಿದ್ದು ಬಿಡಿ ಅಕ್ಷರವನ್ನು! ಉತ್ತರ ಪತ್ರಿಕೆಯಲ್ಲೂ ಅಷ್ಟೆ. ಅವಸರದಲ್ಲಿ 'ದ'ಕಾರದ ಕೆಳಗಿನ ಗೀಟು ಬಿಟ್ಟುಹೋಗಿ 'ಧನ' 'ದನ'ವಾದರೆ ಅಂಕ ಹೋದೀತು.

ಮನೆಯಲ್ಲೇ ಒಂದು ಪ್ರಯೋಗ

ತೀರ್ಪನ್ನು ಮಕ್ಕಳೇ ಕಂಡುಕೊಳ್ಳಬಹುದು. ಇಂಗ್ಲಿಷ್ ಪಠ್ಯದ ಒಂದೇ ಭಾಗವನ್ನು ಮೂರು ದಿನ, ದಿನಕ್ಕೆ ಐದು ನಿಮಿಷದಂತೆ ಬರೆಯಿರಿ. ಒಂದು ದಿನ ಪೂರ್ತಿ ಕೂಡಿಸಿ, ಒಂದು ದಿನ ಪೂರ್ತಿ ಬಿಡಿಸಿ, ಇನ್ನೊಂದು ದಿನ ಕೈ ಹೋದಂತೆ. ಪೆನ್ನು, ಕಾಗದ, ಹೊತ್ತು ಒಂದೇ ಇರಲಿ. ಅಕ್ಷರಗಳನ್ನು ಎಣಿಸಿ. ಆಮೇಲೆ ಮೂರು ಹಾಳೆಗಳನ್ನೂ ನಿಮ್ಮ ಬರಹದ ಪರಿಚಯವಿಲ್ಲದವರಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಎಲ್ಲೆಲ್ಲಿ ತಡೆದರು ಎಂದು ಗುರುತು ಹಾಕಿ. ಕೈ ಎಷ್ಟು ದಣಿಯಿತು ಎಂಬುದನ್ನೂ ಬರೆದಿಡಿ. ಅದದೇ ಭಾಗವನ್ನು ಬರೆಯುತ್ತ ಹೋದರೆ ಅಭ್ಯಾಸದಿಂದಲೇ ವೇಗ ಹೆಚ್ಚುತ್ತದೆ. ಆದ್ದರಿಂದ ಮುಂದಿನ ವಾರ ಕ್ರಮ ಬದಲಿಸಿ ಮತ್ತೊಮ್ಮೆ ಮಾಡಿ.

ಬೇಗ ಸಾಗುವ, ಓದಲು ಬರುವ, ಕೈ ನೋಯಿಸದ ಬರಹ ಯಾವುದೋ ಅದೇ ನಿಮ್ಮದು. ಪಾಲಕರು ಆ ಹಾಳೆಯ ಪಕ್ಕದಲ್ಲಿ ನೆರೆಮನೆಯ ಹುಡುಗನ ಪುಸ್ತಕವನ್ನು ಇಡದಿದ್ದರೆ ಸಾಕು.